ಎಡಗಾಲಿನ ಎರಡು ಇಂಚು

ಶಶಿಕಲಾ ರಾಯಚೂರಿನ ನರ್ಸಿಂಗ್ ಹಾಸ್ಟೆಲಿನಿಂದ ದೇವದುರ್ಗದ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅಷ್ಟರಲ್ಲೇ ಮೂರು ಅನ್ಯಾಯಗಳು ಕಣ್ಣಿಗೆ ಬಿದ್ದವು. ಕಿಟಕಿ ಪಕ್ಕದ ಅವಳ ಕಬ್ಬಿಣದ ಮಂಚದ ಮೇಲೆ ಅತ್ತಿಗೆ ಕಲ್ಯಾಣಿ ಮಲಗಿದ್ದಳು. ಆ ಮಂಚ ಅಲ್ಲಾಡದಿರಲೆಂದು ಅದರ ಒಂದು ಕಾಲಿನ ಕೆಳಗೆ ಶಶಿಕಲಾಳ ಮೊದಲ ವರ್ಷದ ಅನಾಟಮಿ ಪುಸ್ತಕ ತುರುಕಿದ್ದರು. ಅವ್ವ ಕನಕಮ್ಮ ಮಗಳು ಬಂದದ್ದು ನೋಡಿಯೂ ಏಳದೆ, ಬಿಸಿ ಎಳ್ಳೆಣ್ಣೆಯಲ್ಲಿ ಕೈ ಅದ್ದಿ ಸೊಸೆಯ ಎಡಗಾಲು ತಿಕ್ಕುತ್ತಿದ್ದಳು.

"ಬಂದೇನವಾ? ಗಡಿಗ್ಯಾಗ ನೀರದಾವ, ಕುಡಿ."

ಅಷ್ಟೇ. ಮೊದಲಾಗಿದ್ದರೆ ಬ್ಯಾಗು ಇಳಿಸುವ ಮುಂಚೆಯೇ ಶಶಿಕಲಾಳ ತಲೆ ಅವ್ವನ ಮೊಣಕಾಲುಗಳ ನಡುವೆ ಇರುತ್ತಿತ್ತು. ಹತ್ತಾರು ವರ್ಷ ಭತ್ತ ನಾಟಿ ಮಾಡಿ, ಈಗ ಅಂಗನವಾಡಿಯಲ್ಲಿ ಅಡುಗೆ ಮಾಡುವ ಕೈ ಅದು. ತಲೆಗೆ ಎಣ್ಣೆ ಹಚ್ಚಿ ಆ ಕೈ ಒಮ್ಮೆ ಒತ್ತಿತೆಂದರೆ ಹಾಸ್ಟೆಲಿನ ಒಂದು ತಿಂಗಳ ಸಾರು, ಬೈಗುಳ, ಇಂಟರ್ನಲ್ ಮಾರ್ಕ್ಸು ಎಲ್ಲ ಇಳಿದುಹೋಗುತ್ತಿತ್ತು.

ಕಲ್ಯಾಣಿ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನವಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ಅವಳಿಗೆ ತಾಯಿ ಇಲ್ಲ. "ನಾನ ಅಕಿ ತಾಯಿ," ಎಂದು ಕನಕಮ್ಮ ಸೆರಗು ಸಿಕ್ಕಿಸಿ ನಿಂತಿದ್ದಳು. ಸಿಜೇರಿಯನ್ ಆಗಿ ಹನ್ನೆರಡು ದಿನ. ತಲೆಗೆ ಬಟ್ಟೆ ಬಿಗಿದು, ಮಂಚದ ಕೆಳಗೆ ಕೆಂಡವಿಟ್ಟು, ದಿನಕ್ಕೊಂದು ಲೋಟ ನೀರಿನ ಮೇಲೆ, ಕಲ್ಯಾಣಿ ಮಲಗಿದಲ್ಲೇ ಮಲಗಿದ್ದಳು. ಪಕ್ಕದಲ್ಲಿ ಹೆಣ್ಣುಕೂಸು. ಮನೆಯ ಹೆಣ್ಣುಮಗಳು ಎಂಬ ಹುದ್ದೆಯೂ ಹೋಯಿತಲ್ಲ ಎಂದುಕೊಂಡಳು ಶಶಿಕಲಾ.

ಆ ಶುಕ್ರವಾರ ಸಂಜೆಯೇ ಅವಳು ಕಾಲು ನೋಡಿದ್ದಳು. ಎಡಗಾಲು ಬಾತು, ಚರ್ಮ ಬಿಗಿದು ಹೊಳೆಯುತ್ತಿತ್ತು. ಬಲಗಾಲು ಸರಿಯಾಗಿತ್ತು. ಹದಿನೈದು ದಿನದ ಹಿಂದಷ್ಟೇ ಕ್ಲಾಸಿನಲ್ಲಿ ಮೇಡಂ ಹೇಳಿದ್ದು ನೆನಪಾಯಿತು: ಹೆರಿಗೆಯಾದ ಮೇಲೆ ಒಂದೇ ಕಾಲು ಬಾತರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಬಾರದು, ತಿಕ್ಕಿದರೆ ತುಂಡು ಕಿತ್ತುಕೊಂಡು ಪುಪ್ಪುಸಕ್ಕೆ ಹೋಗಿ ಕೂರಬಹುದು.

"ಅತ್ತಿ, ಇನ್ನ ಸ್ವಲ್ಪ ಮ್ಯಾಲ ತಿಕ್ರಿ," ಎಂದು ಕಲ್ಯಾಣಿ ನರಳಿದಳು.

ನಖರಾ, ಎಂದು ಶಶಿಕಲಾ ಮನಸ್ಸಿನಲ್ಲೇ ತೀರ್ಪು ಕೊಟ್ಟಳು. ಅಲ್ಲದೆ ಈಗ ಬಾಯಿ ಬಿಟ್ಟರೆ ಏನಾಗುತ್ತದೆ? ಡಾಕ್ಟರು, ಕಾರು, ಸ್ಕ್ಯಾನು. ಇಡೀ ಮನೆ ಆ ಕಾಲಿನ ಸುತ್ತಲೇ ಗಾಣದ ಎತ್ತಿನಂತೆ ತಿರುಗುತ್ತದೆ. ಶುಕ್ರವಾರ ಅವಳು ಸುಮ್ಮನಿದ್ದಳು. ಶನಿವಾರವೂ ಸುಮ್ಮನಿದ್ದಳು. ಆದರೆ ಕಣ್ಣು ಮಾತ್ರ ಆ ಕಾಲು ಬಿಟ್ಟು ಕದಲಲಿಲ್ಲ. ಅವ್ವ ಎಷ್ಟು ಹೊತ್ತು ತಿಕ್ಕಿದಳು, ಎಷ್ಟು ಎಣ್ಣೆ ಹಾಕಿದಳು, ಎಲ್ಲ ಲೆಕ್ಕ ಅವಳ ಹತ್ತಿರ ಇತ್ತು.

ಭಾನುವಾರ ಬೆಳಿಗ್ಗೆ ಕಲ್ಯಾಣಿ ಬಚ್ಚಲಿಗೆ ಹೋಗಲು ಎದ್ದಳು. ಎಡಗಾಲು ಊರಲಾಗಲಿಲ್ಲ. ನಾಲ್ಕು ಹೆಜ್ಜೆ ಹಾಕಿ ಹೊಸ್ತಿಲು ಹಿಡಿದು ನಿಂತಳು, ಪಕ್ಕೆಲುಬಿನ ಮೇಲೆ ಕೈಯಿಟ್ಟು ಸಣ್ಣ ಸಣ್ಣ ಉಸಿರು ಎಳೆದಳು. ಬಾವಿಯಿಂದ ಹತ್ತು ಕೊಡ ಸೇದಿದವಳ ಉಸಿರು ಅದು. ಶಶಿಕಲಾ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು.

ಕನಕಮ್ಮ ಎಣ್ಣೆ ಬಟ್ಟಲು ಹಿಡಿದು ಬಂದಳು.

"ಯವ್ವಾ, ಕಾಲು ತಿಕ್ಕಬ್ಯಾಡ."

"ಯಾಕ, ನಿನ್ನ ತಲಿ ತಿಕ್ಕಲೇನು?"

"ಒಳಗ ರಕ್ತ ಹೆಪ್ಪುಗಟ್ಟಿರಬೇಕು. ತಿಕ್ಕಿದ್ರ ಎದಿಗಿ ಹೋಗ್ತದ. ಈಗ ಹೋಗಿರಬೇಕು. ಅಕಿ ಉಸಿರು ನೋಡು."

ಅಣ್ಣ ಆನಂದ ಮಾನ್ವಿಯ ಶಾಲೆಯೊಂದರಲ್ಲಿ ಮೇಷ್ಟ್ರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಕ್ಕ. "ಬಂತ್ ನೋಡ್ರಿ ಹಾರ್ಟ್ ಅಟ್ಯಾಕು."

ಅದು ಓಣಿಯವರು ಅವಳಿಗಿಟ್ಟ ಅಡ್ಡಹೆಸರು. ಹೋದ ಯುಗಾದಿಗೆ ಅಪ್ಪ ಉರುಕುಂದಪ್ಪ ಎದೆ ಹಿಡಿದುಕೊಂಡಾಗ ಶಶಿಕಲಾ ಹಾರ್ಟ್ ಅಟ್ಯಾಕ್ ಎಂದು ಕೂಗಿ, ಬಾಡಿಗೆ ಕಾರಿನಲ್ಲಿ ರಾಯಚೂರಿಗೆ ಕರೆದೊಯ್ದಿದ್ದಳು. ಅಲ್ಲಿ ಗೊತ್ತಾಗಿದ್ದು, ಅಪ್ಪ ಒಬ್ಬನೇ ಹದಿನಾಲ್ಕು ಮಿರ್ಚಿ ತಿಂದಿದ್ದ ಅಂತ.

"ಅಣ್ಣಾ, ಈ ಸಲ ಖರೇನ."

"ಬಂದಾಗಿಂದ ಮಾರಿ ಗಂಟು ಹಾಕ್ಕೊಂಡು ಕುಂತಿ. ನಿನ್ನ ಮಂಚ ಹೋತು, ಅವ್ವ ಹೋದ್ಲು ಅಂತ. ಹೊಟ್ಟಿಕಿಚ್ಚಿಗೂ ಒಂದು ಮಿತಿ ಇರ್ತದ, ಶಶಿ."

ಅವನು ಸುಳ್ಳು ಹೇಳಿದ್ದರೆ ಶಶಿಕಲಾ ಜಗಳವಾಡಬಹುದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಖಾಸಿಂ ಬೀ ಕೂಸಿಗೆ ಹೊಲಿದ ಕುಲಾವಿ ಹಿಡಿದು ಬಂದಳು. ಕೊರಳಲ್ಲಿ ಯಾವಾಗಿನಂತೆ ಅಳತೆ ಟೇಪು ಜೋತಾಡುತ್ತಿತ್ತು. ಶಶಿಕಲಾ ಏನೂ ಹೇಳದೆ ಟೇಪು ಎಳೆದುಕೊಂಡಳು.

"ಅರೇ, ನನ್ನ ಕುತ್ತಿಗಿ ಅದ ಬೇಟಿ, ಹುಷಾರು."

ಕೂಸಿನ ಕಾಡಿಗೆ ತೆಗೆದು ಕಲ್ಯಾಣಿಯ ಎರಡೂ ಮೊಣಕಾಲಿನ ಕೆಳಗೆ ಆರು ಬೆರಳು ಎಣಿಸಿ ಒಂದೊಂದು ಚುಕ್ಕೆ ಇಟ್ಟಳು. ಆಮೇಲೆ ಟೇಪನ್ನು ಖಾಸಿಂ ಬೀ ಕೈಗೇ ಕೊಟ್ಟಳು. "ನಾ ಅಳದ್ರ ಇವ್ರು ನಂಬಂಗಿಲ್ಲ. ನೀವ ಅಳೀರಿ."

ಖಾಸಿಂ ಬೀ ಅಳೆದಳು. ಮತ್ತೆ ಅಳೆದಳು. "ಬಲದ್ದು ಹದಿಮೂರು. ಎಡದ್ದು ಹದಿನೈದು."

"ಬಾಣಂತಿ ಮೈ. ಗಾಳಿ ಹೊಕ್ಕಿರ್ತದ," ಎಂದಳು ಕನಕಮ್ಮ.

"ನಲ್ವತ್ತು ವರ್ಷದಿಂದ ಟೇಪ್ ಹಿಡದೀನಿ, ಕನಕಮ್ಮಾ. ಕಾಲಿಂಚು ಅರ್ಧಿಂಚು ಫರಕ್ ಎಲ್ಲಾರಿಗೂ ಇರ್ತದ. ಎರಡಿಂಚು ಫರಕಿನ ಪೈಜಾಮಾ ನಾ ಒಂದೂ ಹೊಲ್ದಿಲ್ಲ."

ಆಗ ಮಾತಾಡಿದ್ದು ಕಲ್ಯಾಣಿ, ನಡುನಡುವೆ ಉಸಿರು ಹುಡುಕುತ್ತ.

"ಅತ್ತಿ, ದವಾಖಾನಿಗೆ ಹೋಗೂಣ್ರಿ."

"ಇಕಿ ಮಾತು ಕೇಳಿ?"

"ನೀವೆಲ್ಲಾ ಬಂದೋರು ಕೂಸಿನ ಮಾರಿ ನೋಡ್ತೀರಿ. ಅಕಿ ಒಬ್ಬಾಕಿ ಮೂರು ದಿನದಿಂದ ನನ್ನ ಕಾಲ ನೋಡಾಕತ್ತಾಳ. ಹೊಟ್ಟಿಕಿಚ್ಚಿದ್ದೋರ ಕಣ್ಣಿಗೆ ಏನೂ ತಪ್ಪಂಗಿಲ್ರಿ."

ಖಾಸಿಂ ಬೀಯ ಮಗ ಮೆಹಬೂಬ್ ಪಾಷಾ ಕಾರು ತಂದ. ತಾಲೂಕು ಆಸ್ಪತ್ರೆಯಲ್ಲಿ ಬೆರಳಿಗೆ ಯಂತ್ರ ಸಿಕ್ಕಿಸಿದರೆ ತೊಂಬತ್ತೈದರ ಮೇಲಿರಬೇಕಾದ ಆಕ್ಸಿಜನ್ ತೊಂಬತ್ತು. ಮೂಗಿಗೆ ಮಾಸ್ಕ್ ಹಾಕಿ, ಚೀಟಿ ಬರೆದು, ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಶಶಿಕಲಾ ಒಂದೇ ಬೇಡಿಕೊಂಡಳು: ನನ್ನ ಮಾತು ಸುಳ್ಳಾಗಲಿ, ಊರೆಲ್ಲ ನಗಲಿ, ಇನ್ನೂ ಹತ್ತು ಹೆಸರಿಡಲಿ.

ಸುಳ್ಳಾಗಲಿಲ್ಲ. ರಾಯಚೂರಿನ ಡಾಕ್ಟರಮ್ಮ ತೊಡೆಯ ಮೇಲೆ ಸ್ಕ್ಯಾನಿನ ಹಿಡಿ ಒತ್ತಿ ಪರದೆ ತೋರಿಸಿದರು. ಬಲಗಾಲಿನ ರಕ್ತನಾಳ ಒತ್ತಿದ ಕೂಡಲೇ ಚಪ್ಪಟೆಯಾಗುತ್ತಿತ್ತು. ಎಡಗಾಲಿನದು ಒಳಗೆ ಕಲ್ಲು ಸಿಕ್ಕಿಸಿಕೊಂಡಂತೆ ದುಂಡಗೇ ಉಳಿಯಿತು. ಆಮೇಲೆ ಎದೆಯ ಸಿ.ಟಿ. ಆಯಿತು. ಒಂದು ಸಣ್ಣ ತುಂಡು ಬಲಗಡೆಯ ಪುಪ್ಪುಸ ಸೇರಿತ್ತು.

"ಸಣ್ಣದದ, ಹೃದಯಕ್ಕೆ ಭಾರ ಬಿದ್ದಿಲ್ಲ. ದೊಡ್ಡದು ಹೋಗಿದ್ರ ಇಲ್ಲಿ ತನಕ ಬರ್ತಿದ್ದಿಲ್ಲ," ಎಂದರು ಡಾಕ್ಟರಮ್ಮ. "ದಿನಕ್ಕೆ ಎರಡು ಇಂಜೆಕ್ಷನ್, ಹೊಟ್ಟಿ ಚರ್ಮಕ್ಕ. ಹೊಸಾ ಹೆಪ್ಪು ಆಗದಂಗ ತಡೀತದ, ಇದ್ದದ್ದನ್ನ ಮೈಯೇ ನಿಧಾನ ಕರಗಿಸ್ತದ. ಆಮ್ಯಾಲ ತಿಂಗಳುಗಟ್ಟಲೆ ಗುಳಿಗಿ, ರಕ್ತ ಪರೀಕ್ಷಿ. ಕೂಸಿಗಿ ಹಾಲು ಕುಡಸಬಹುದು. ನೀರು ಎಷ್ಟು ಕುಡೀತಾಳ?"

"ಬಾಣಂತಿಗಿ ಒಂದು ಲೋಟರೀ," ಎಂದಳು ಕನಕಮ್ಮ, ಅರ್ಧ ದನಿಯಲ್ಲಿ.

"ಕಾಲು ಯಾರಾರ ತಿಕ್ಕಿದ್ರೇನು?"

ಕನಕಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮೂರು ದಿನದಿಂದ ಶಶಿಕಲಾ ಕಾಯುತ್ತಿದ್ದ ಗಳಿಗೆ ಅದೇ: ತಾನು ಸರಿ, ಅವ್ವ ತಪ್ಪು, ನಾಲ್ಕು ಜನರ ಮುಂದೆ. ಬಂದಾಗ ಅದು ಬೇವಿನೆಲೆ ಅಗಿದಂತಿತ್ತು.

"ಗೊತ್ತಿಲ್ದ ತಿಕ್ಯಾರ್ರಿ ಮೇಡಂ," ಎಂದಳು. "ಗೊತ್ತಿದ್ದು ಸುಮ್ನಿದ್ದಾಕಿ ನಾನು. ಶುಕ್ರವಾರನ ನೋಡಿದ್ದೆ."

ಡಾಕ್ಟರಮ್ಮ ಅವಳನ್ನು ಒಂದು ಸಲ ನೋಡಿದರು. "ಇನ್ನೊಂದ್ಸಲ ಸುಮ್ನಿರಬ್ಯಾಡ," ಎಂದು ಮುಂದಿನ ಹಾಸಿಗೆಗೆ ಹೋದರು. ಆನಂದ ಗೋಡೆ ನೋಡುತ್ತಿದ್ದ.

ನಾಲ್ಕನೇ ದಿನಕ್ಕೆ ಮಾಸ್ಕ್ ತೆಗೆದರು. ಕಲ್ಯಾಣಿ ವಾರ್ಡಿನ ಉದ್ದಕ್ಕೂ ಎರಡು ಸುತ್ತು ನಡೆದು ಬಂದು, ಲೋಟದ ಮೇಲೆ ಲೋಟ ನೀರು ಕುಡಿದಳು. ಡಿಸ್ಚಾರ್ಜ್ ಆದಮೇಲೂ ಇಂಜೆಕ್ಷನ್ ಬೇಕಿತ್ತು. ಅದು ಮನೆಯಲ್ಲೇ ಆಗಲೆಂದು ನರ್ಸಮ್ಮ ಕಣ್ಣೆದುರೇ ನಿಂತು ಶಶಿಕಲಾಳಿಂದ ಕೊಡಿಸಿದರು. ಹೊಕ್ಕಳ ಪಕ್ಕದ ಚರ್ಮ ಚಿವುಟಿ, ಸೂಜಿ ನೆಟ್ಟಗೆ ಇಳಿಸಿದಳು.

"ಮೆಲ್ಲಕ ಚುಚ್ಚವಾ. ಹಳೇ ಸಿಟ್ಟೆಲ್ಲಾ ಒಂದ ಸಲ ತೀರಿಸಬ್ಯಾಡ," ಎಂದಳು ಕಲ್ಯಾಣಿ.

ಕನಕಮ್ಮ ಸೊಸೆಯ ಕೈ ಹಿಡಿದು ಕೂತಿದ್ದಳು. ಸೂಜಿ ಚುಚ್ಚಿದವಳ ಕಡೆ ಅವ್ವ ತಿರುಗಿಯೂ ನೋಡಲಿಲ್ಲ ಎಂದು ಶಶಿಕಲಾಗೆ ಮತ್ತೆ ಸಣ್ಣಗೆ ಉರಿಯಿತು.

ಕಲ್ಯಾಣಿ ನೋಡಿದ್ದಳು. "ಅತ್ತಿ, ನನ್ನ ಕಾಲು ಮುಟ್ಟಬ್ಯಾಡಂತ ಹೇಳ್ಯಾರ. ಖಾಲಿ ಕುಂತೀರಲ್ಲ, ನಮ್ಮ ಮನಿ ಡಾಕ್ಟ್ರಮ್ಮನ ತಲಿಗಾರ ಎಣ್ಣಿ ಹಚ್ರಿ."

ಕನಕಮ್ಮ ಚೀಲದಿಂದ ಬಾಟಲಿ ತೆಗೆದಳು. ಶಶಿಕಲಾ ಕೆಳಗೆ ನೆಲದ ಮೇಲೆ ಕೂತಳು. ಆ ಕೈ ತಲೆಯ ಮೇಲೆ ಬಿತ್ತು, ಮೊದಲಿನಷ್ಟೇ ಭಾರವಾಗಿ. ಇದೂ ಕಲ್ಯಾಣಿ ಕೊಡಿಸಿದ್ದೇ ಆಯಿತಲ್ಲ ಎಂದು ಶಶಿಕಲಾಗೆ ಅನಿಸಿತು. ಆದರೂ ತಲೆ ಸರಿಸಲಿಲ್ಲ.