ವಾಚ್ ಮಾಮನ ಎಡಗಣ್ಣು

ವಾಚ್ ಮಾಮ ಜಗ್ಗು ಎತ್ತಿ ಬಗ್ಗಿಸಿದರು. ನೀರು ಲೋಟದೊಳಗೆ ಬೀಳಲಿಲ್ಲ, ಪಕ್ಕಕ್ಕೆ ಬಿತ್ತು. ಮೇಜಿನ ಮೇಲೆ ಹರಿದು ಯಾರದೋ ಕೈಗಡಿಯಾರದ ಪಟ್ಟಿಯನ್ನು ತೋಯಿಸಿತು.

"ಈ ಲೋಟ ಇಲ್ಲಿಟ್ಟೋರು ಯಾರು?" ಎಂದು ಗೊಣಗಿದರು.

ಲೋಟ ದಿನವೂ ಇರುವ ಜಾಗದಲ್ಲೇ ಇತ್ತು. ಮಗಳು ಬಟ್ಟೆ ತಂದು ಒರೆಸಿದಳು. ಬೀದಿಯವರೆಲ್ಲ ಅವಳನ್ನು ಗುಬ್ಬಿ ಎನ್ನುತ್ತಾರೆ. ಬೇಗ ಶಾಲೆ ಬಿಟ್ಟು ಅಪ್ಪನ ಗಡಿಯಾರ ರಿಪೇರಿ ಅಂಗಡಿ ಸೇರಿದವಳು. ಮಾತು ಕಡಿಮೆ, ಕಣ್ಣು ಚುರುಕು.

ಆ ವಾರ ನೀರು ಚೆಲ್ಲಿದ್ದು ಅದು ಮೂರನೇ ಸಲ. ಅದಕ್ಕೆ ಮೊದಲು ಅಪ್ಪ ಮೆಟ್ಟಿಲು ಎಡವಿದ್ದರು. ಬಾಗಿಲಿಗೆ ಎಡಭುಜ ತಾಗಿಸಿಕೊಂಡಿದ್ದರು. ಗುಬ್ಬಿ ಇದನ್ನೆಲ್ಲ ಗಮನಿಸುತ್ತಿದ್ದಳು. ಕೇಳೋಣವೆಂದರೆ ಬಾಯಿ ಬರುತ್ತಿರಲಿಲ್ಲ. ಅಪ್ಪ ಎಡವದಿರಲಿ ಎಂದು ಸ್ಟೂಲನ್ನು ಗೋಡೆಗೆ ಸರಿಸಿಟ್ಟಳು. ಬೀದಿಯಲ್ಲಿ ಅವರ ಎಡಗಡೆಗೇ ನಡೆದಳು. ಅವರು ಜಗ್ಗಿಗೆ ಕೈಹಾಕುವ ಮೊದಲೇ ಲೋಟ ತುಂಬಿಸಿಟ್ಟಳು.

ಕೆಲಸದಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ. ಎಳ್ಳಿನಷ್ಟು ಸಣ್ಣ ಸ್ಕ್ರೂ ಕೂಡ ಅಪ್ಪನ ಚಿಮಟದಿಂದ ಜಾರುತ್ತಿರಲಿಲ್ಲ. ಅದನ್ನು ನೋಡಿದಾಗೆಲ್ಲ, ನನಗೇ ಭ್ರಮೆಯೋ ಏನೋ ಎಂದು ಸುಮ್ಮನಾಗುತ್ತಿದ್ದಳು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ಹತ್ತಿರದ ಆಸ್ಪತ್ರೆಯ ನರ್ಸಕ್ಕ ತಮ್ಮ ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಬಂದರು. ಅಪ್ಪ ಪುಟ್ಟ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿ, ಎಡಗಣ್ಣು ಮುಚ್ಚಿ, ಮುಚ್ಚಳ ಬಿಚ್ಚಿದರು.

"ಮಾಮ, ಸಕ್ಕರೆ ಕಾಯಿಲೆ ಮಾತ್ರೆ ಸರಿಯಾಗಿ ತಗೋತಿದೀರಾ?"

"ಹನ್ನೊಂದು ವರ್ಷದಿಂದ ನುಂಗ್ತಿದೀನಮ್ಮ. ಮಾತ್ರೆಗೇ ನನ್ನ ನೋಡಿ ಬೇಜಾರು ಬಂದಿರಬೇಕು."

"ಕಣ್ಣಿನ ಹಿಂಭಾಗ ಯಾವತ್ತಾದ್ರೂ ತೋರಿಸಿದೀರಾ?"

"ಮುಂಭಾಗ ಚೆನ್ನಾಗಿದ್ರೆ ಸಾಲ್ದಾ? ಹಿಂಭಾಗ ಕಟ್ಕೊಂಡು ಏನು ಮಾಡ್ಲಿ?"

ನರ್ಸಕ್ಕ ನಕ್ಕರು. ಆದರೆ ಅವರ ನೋಟ ಅಪ್ಪನ ಮುಚ್ಚಿದ ಎಡಗಣ್ಣಿನ ಮೇಲೇ ಇತ್ತು.

"ದಿನವೂ ಹೀಗೇ ಎಡಗಣ್ಣು ಮುಚ್ಕೊಂಡೇ ಕೆಲಸಾನಾ? ಒಂದು ಸಲ ಬಲಗಣ್ಣು ಮುಚ್ಚಿ, ಗೋಡೆ ಗಡಿಯಾರದಲ್ಲಿ ಎಷ್ಟು ಗಂಟೆ ಹೇಳಿ ನೋಡೋಣ."

"ಗಡಿಯಾರದವನಿಗೇ ಗಂಟೆ ಕೇಳ್ತೀಯಾ," ಎನ್ನುತ್ತಾ ಅಪ್ಪ ಭೂತಗನ್ನಡಿ ತೆಗೆದು ಬಲಗಣ್ಣಿಗೆ ಅಂಗೈ ಇಟ್ಟುಕೊಂಡರು. ಎದುರಿಗೆ ಹತ್ತೊಂಬತ್ತು ಗಡಿಯಾರ ತೂಗುತ್ತಿದ್ದವು.

"ಯಾವುದರಲ್ಲಿ ಹೇಳಲಿ?"

"ಯಾವುದರಲ್ಲಾದ್ರೂ ಹೇಳಿ."

ಅಪ್ಪ ಕತ್ತು ಓರೆ ಮಾಡಿದರು. ಮುಂದೆ ಬಾಗಿದರು. ಅಂಗಡಿಯ ತುಂಬ ಟಿಕ್ ಟಿಕ್ ಸದ್ದು. ಗುಬ್ಬಿ ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಬಂದಳು.

"ಸುತ್ತಿನ ಚೌಕಟ್ಟು ಕಾಣುತ್ತೆ," ಎಂದರು ಕೊನೆಗೆ. "ನಡುವೆ ಮಸಿ ಬಳಿದ ಹಾಗಿದೆ. ಮುಳ್ಳೇ ಇಲ್ಲ."

ಅಂಗೈ ಕೆಳಗಿಳಿಸಿ, ಅಪ್ಪ ಮತ್ತೆ ಹುರುಪು ತಂದುಕೊಂಡರು. "ಇರಲಿ ಬಿಡು, ವಯಸ್ಸಾಯ್ತು. ನನ್ನ ಕೆಲಸಕ್ಕೆ ಬಲಗಣ್ಣೊಂದು ಸಾಕು."

"ಸಕ್ಕರೆ ಕಾಯಿಲೆ ಎಡ ಬಲ ಅಂತ ನೋಡಲ್ಲ ಮಾಮ. ಕಣ್ಣಿನ ಹಿಂದೆ ತೆಳು ಪರದೆ ಇದೆ. ಅದರಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳ. ವರ್ಷಗಟ್ಟಲೆ ಸಕ್ಕರೆ ಹೆಚ್ಚಾಗಿದ್ರೆ ಕೆಲವು ಸೋರುತ್ತೆ, ಕೆಲವು ಮುಚ್ಚೇಹೋಗುತ್ತೆ. ನೋವಾಗಲ್ಲ, ಅದಕ್ಕೇ ಗೊತ್ತಾಗಲ್ಲ. ರಕ್ತ ಎಲ್ಲಿ ಓಡ್ತಿದೆ ಅಂತ ಪಟ ತೆಗೆಸಿ ನೋಡಬೇಕು."

"ಆಸ್ಪತ್ರೆಯವರು ಪಟ ಅಂತೀರಿ, ಒಳಗೆ ಕೂರಿಸ್ಕೊಂಡು ಕಣ್ಣಿಗೆ ಸೂಜಿ ಚುಚ್ತೀರಿ. ಪಕ್ಕದ ಕಟಿಂಗ್ ಅಂಗಡಿಯವನು ಎಲ್ಲಾ ಹೇಳಿದಾನೆ."

"ಅವನು ತಲೆಗೂದಲು ಕತ್ತರಿಸಲಿ, ಕಣ್ಣಿನ ಸುದ್ದಿ ಬೇಡ. ಪಟ ತೆಗೆಯೋಕೆ ಕಣ್ಣು ಮುಟ್ಟೋದೂ ಇಲ್ಲ. ಯಂತ್ರದ ಮುಂದೆ ಗದ್ದ ಇಟ್ಟು ಒಂದು ಗುರುತು ನೋಡ್ತಾ ಕೂರಬೇಕು. ಯಂತ್ರ ಕಣ್ಣೊಳಗೆ ಬೆಳಕು ಬಿಟ್ಟು ಒಂದೇ ಜಾಗಾನ ಮತ್ತೆ ಮತ್ತೆ ನೋಡುತ್ತೆ. ಓಡೋ ರಕ್ತ ಪ್ರತಿ ಸಲ ಬದಲಾಗುತ್ತೆ, ಉಳಿದಿದ್ದು ಹಾಗೇ ಇರುತ್ತೆ. ಅದರಿಂದ ನಕ್ಷೆ ಬರೆಯುತ್ತೆ. ಕೆಲವರಿಗೆ ಮಾತ್ರ ಕೈನರಕ್ಕೆ ಬಣ್ಣದ ಔಷಧಿ ಕೊಟ್ಟು ತೆಗೀತಾರೆ. ಆಗ ಒಂದು ದಿನ ಮೈ, ಮೂತ್ರ ಹಳದಿಯಾಗಬಹುದು. ಔಷಧಿ ಒಗ್ಗದ ತೊಂದರೆ ಇದ್ರೆ ಮೊದಲೇ ಹೇಳಬೇಕು. ಸೂಜಿ, ಚಿಕಿತ್ಸೆ ಎಲ್ಲದರ ಮಾತು ಆಮೇಲೆ."

"ಮುಚ್ಚಳ ಬಿಚ್ಚದೆ ಒಳಗೆ ಏನು ನಿಂತಿದೆ ಅಂತ ನೋಡ್ತಾರೆ ಅನ್ನು." ಅಪ್ಪನಿಗೆ ಕುತೂಹಲ ಬಂದಿತ್ತು. ಮರುಕ್ಷಣವೇ ತಲೆಯಾಡಿಸಿದರು. "ಮುಂದಿನ ತಿಂಗಳು ನೋಡೋಣ."

ಆಗ ಗುಬ್ಬಿ ಬಾಯಿಬಿಟ್ಟಳು.

"ಅಪ್ಪ, ಎರಡು ತಿಂಗಳಿಂದ ನಿಮ್ಮ ಎಡಗಡೆ ನಾನು ನಡೀತಿದೀನಿ. ಸ್ಟೂಲು ಸರಿಸಿದ್ದು ನಾನೇ. ನೀರು ಬಗ್ಗಿಸಿಡೋದೂ ನಾನೇ. ನಾನು ಹೇಳಿದ್ರೆ ನಿಮಗೆ ಆಗಲೇ ಗೊತ್ತಾಗ್ತಿತ್ತು. ತಪ್ಪು ನಂದು."

ಅಪ್ಪ ಅವಳನ್ನೇ ನೋಡಿದರು. ಆಮೇಲೆ ನಿಧಾನವಾಗಿ ಭೂತಗನ್ನಡಿಯನ್ನು ಡಬ್ಬಿಯೊಳಗೆ ಇಟ್ಟರು. "ನಾಳೆ ಬೆಳಿಗ್ಗೆ ಹೋಗೋಣ ನಡಿ," ಎಂದರು.

ಮರುದಿನ ಆಸ್ಪತ್ರೆಯ ಉದ್ದ ಬೆಂಚಿನಲ್ಲಿ ಅಪ್ಪ ಕೂತರು. ಕಣ್ಣಪಾಪೆ ಅಗಲವಾಗಲು ಔಷಧಿಯ ಹನಿ ಹಾಕಿದ್ದರು. ಬೆಳಕು ಚುಚ್ಚುತ್ತದೆಂದು ಕಣ್ಣು ಕಿರಿದು ಮಾಡಿಕೊಂಡಿದ್ದರು. ಗುಬ್ಬಿ ಪಕ್ಕದಲ್ಲಿ ಕೂತು ಅವರ ಬೆರಳುಗಳನ್ನೇ ನೋಡುತ್ತಿದ್ದಳು. ಬಲಗಣ್ಣೂ ಹೋಗಿದ್ದರೆ? ಆ ಬೆರಳುಗಳು ಸುಮ್ಮನೆ ಕೂತರೆ ಅಪ್ಪ ಏನು ಮಾಡಿಯಾರು?

ಯಂತ್ರದ ಮುಂದೆ ಮೊದಲ ಸಲ ಅಪ್ಪ ಅಲುಗಾಡಿದರು. ಪಟ ಕದಡಿಹೋಯಿತು.

"ಯಜಮಾನ್ರೇ, ಒಂದೇ ಒಂದು ಗಳಿಗೆ ಕಲ್ಲಾಗಿ," ಎಂದಳು ಯಂತ್ರ ನಡೆಸುವ ಹುಡುಗಿ.

"ಕೂರೋದು ನನಗೆ ಹೇಳಿಕೊಡಬೇಡಮ್ಮ, ಜೀವಮಾನವೆಲ್ಲ ಕೂತೇ ದುಡಿದಿದೀನಿ," ಎಂದರು ಅಪ್ಪ. ಎರಡನೇ ಸಲ ಅಲುಗಲಿಲ್ಲ.

ಯಂತ್ರದ ಪರದೆಯ ಮೇಲೆ ಎಡಗಣ್ಣಿನ ಪಟ ಮೂಡಿತು. ಕಪ್ಪಿನ ಮೇಲೆ ಬಿಳಿ ಎಳೆಗಳ ಬಲೆ. ನಟ್ಟನಡುವೆ ಬಲೆ ಹರಿದು ದೊಡ್ಡ ಕಪ್ಪು ಜಾಗ. "ಇಲ್ಲೆಲ್ಲ ರಕ್ತ ತಲುಪ್ತಿಲ್ಲ," ಎಂದರು ಡಾಕ್ಟರಮ್ಮ. "ಈ ಕಣ್ಣಿನ ದೃಷ್ಟಿ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲ."

ಅಪ್ಪ ಕೇಳಿದರು, "ಬಲಗಣ್ಣು?"

ಡಾಕ್ಟರಮ್ಮ ಇನ್ನೊಂದು ಪಟ ತೆರೆದು ಬೆರಳಿಟ್ಟು ತೋರಿಸಿದರು. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಕಡಿದಿತ್ತು. ನಡುವಿನ ಬಲೆ ಇನ್ನೂ ಗಟ್ಟಿಯಾಗಿತ್ತು.

"ಶುರುವಾಗಿದೆ. ಆದರೆ ಕೈಮೀರಿಲ್ಲ. ಸಕ್ಕರೆ, ರಕ್ತದೊತ್ತಡ ಎರಡೂ ಹಿಡಿತಕ್ಕೆ ಬರಬೇಕು. ಎಡಗಣ್ಣಿಗೆ ಯಾವ ಚಿಕಿತ್ಸೆ ಅಂತ ಇನ್ನಷ್ಟು ನೋಡಿ ಹೇಳ್ತೀನಿ. ಮೂರು ತಿಂಗಳಿಗೆ ಮತ್ತೆ ಪಟ ತೆಗೆದು ಇದರ ಪಕ್ಕ ಇಟ್ಟು ನೋಡಬೇಕು."

"ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ?"

ಡಾಕ್ಟರಮ್ಮ ಎಡಗಣ್ಣಿನ ಪಟವನ್ನು ಮತ್ತೆ ತೆರೆದು ಬಲಗಣ್ಣಿನದರ ಪಕ್ಕ ಇಟ್ಟರು. ಅಪ್ಪನಿಗೆ ಉತ್ತರ ಸಿಕ್ಕಿತು.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳಿಗೂ ಆರು ವರ್ಷದಿಂದ ಸಕ್ಕರೆ.

"ಸೋಮವಾರ ನೀನೂ ಹೊರಡು," ಎಂದರು ಅಪ್ಪ.

"ನನಗೆ ಎಲ್ಲಾ ಚೆನ್ನಾಗಿ ಕಾಣುತ್ತೆ ಕಣ್ರೀ. ನಿಮ್ಮ ಮುಖದ ಸುಕ್ಕೂ ಎಣಿಸ್ತೀನಿ."

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣೇ," ಎಂದರು ಅಪ್ಪ. ಅವರ ದನಿ ಕೇಳಿ ಅಮ್ಮ ಎದುರಾಡಲಿಲ್ಲ. ಸೋಮವಾರ ಅಮ್ಮನ ಕೈ ಹಿಡಿದು ಕರೆದೊಯ್ದವಳು ಗುಬ್ಬಿ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಕಣ್ಣು ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಅದರ ಹಿಂಭಾಗ ಪರೀಕ್ಷೆ ಮಾಡಿಸಿ. ಡಾಕ್ಟರು ಬೇಗ ಬನ್ನಿ ಎಂದರೆ ಬೇಗ ಹೋಗಿ. ರಕ್ತದ ಓಡಾಟದ ಪಟ ಬೇಕೆಂದರೆ ಹೆದರಿ ಮುಂದೂಡಬೇಡಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ, ಗಾಡಿ ಓಡಿಸಬೇಡಿ, ಜೊತೆಗೊಬ್ಬರು ಇರಲಿ. ದೃಷ್ಟಿ ಇದ್ದಕ್ಕಿದ್ದಂತೆ ಮಸುಕಾದರೆ ಒಂದು ದಿನವೂ ಕಾಯಬೇಡಿ.

ಮನೆಯಲ್ಲಿ ಯಾರಾದರೂ ತಡವರಿಸುವುದು ನಿಮ್ಮ ಕಣ್ಣಿಗೆ ಬಿದ್ದಿದ್ದರೆ, ಸಂಕೋಚ ಬಿಡಿ, ಇವತ್ತೇ ಹೇಳಿ. ನೀವು ಹೇಳದಿದ್ದರೆ ಅವರಿಗೆ ತಿಳಿಯದೇ ಹೋಗಬಹುದು.