ಮಾವನ ಮೂಗು

ಡಾಕ್ಟರು ಮಾವನಿಗೆ ಕಾಫಿ ಬಿಡಿ ಎಂದ ವಾರವೇ ಮನೆಗೆ ಕಾಫಿ ಯಂತ್ರ ಬಂತು. ದೂರದಲ್ಲಿದ್ದ ಮಗಳು ಕಳಿಸಿದ ಉಡುಗೊರೆ. ಅಪ್ಪನ ಎದೆಬಡಿತ ತಾಳ ತಪ್ಪಿದ ಸುದ್ದಿ ಅವಳಿಗಿನ್ನೂ ಮುಟ್ಟಿರಲಿಲ್ಲ. ಮಾವ ಯಂತ್ರವನ್ನು ಎಲ್ಲ ಕಡೆಯಿಂದಲೂ ನೋಡಿ, ಜೊತೆಗೆ ಬಂದಿದ್ದ, ಕಾಫಿಪುಡಿ ತುಂಬಿದ ಪುಟ್ಟ ಕ್ಯಾಪ್ಸೂಲೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಕಾಫಿಗೂ ಮಾತ್ರೆ ಬಂತಾ! ಊಟಕ್ಕೆ ಮುಂಚೇನೋ, ಆಮೇಲೋ?"

ಮಾವ ಮೂವತ್ತೆಂಟು ವರ್ಷ ಕಾಫಿಪುಡಿ ಅಂಗಡಿಯಲ್ಲಿ ಬೀಜ ಹುರಿದವರು. ಬೀದಿಯಲ್ಲಿ ಅವರ ಹೆಸರು ಯಾರಿಗೂ ಬೇಕಿರಲಿಲ್ಲ, 'ಮೂಗಣ್ಣ' ಎಂದರೆ ಸಾಕಿತ್ತು. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಅಂಗಡಿಯ ಮಾಲೀಕರು ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಹುರಿದ ಬೀಜದ ನಾಲ್ಕೈದು ಪೊಟ್ಟಣ ಕಳಿಸುತ್ತಿದ್ದರು. ಮಾವ ಕಿಟಕಿಯ ಪಕ್ಕ ಕೂತು ಬೀಜಗಳನ್ನು ಬಿಳಿ ತಟ್ಟೆಗೆ ಸುರಿದು, ಬೆಳಕಿಗೆ ಹಿಡಿದು, ಮೂಸಿ, ಒಂದನ್ನು ಹಲ್ಲಿನಲ್ಲಿ ಕಟಕ್ಕನೆ ಕಡಿದು, ಚೀಟಿಯಲ್ಲಿ ಬರೆಯುತ್ತಿದ್ದರು: 'ಹದ ಸರಿ.' 'ಉರಿ ಜಾಸ್ತಿ.' 'ಇನ್ನೊಂದು ನಿಮಿಷ ಬೇಕಿತ್ತು.' ತಿಂಗಳಲ್ಲಿ ಆ ಎರಡು ದಿನ ಅವರ ನಡಿಗೆಯೇ ಬೇರೆ.

ಸೊಸೆ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಕಣ್ಣು ಪರೀಕ್ಷಿಸಿ ನಂಬರು ಬರೆದುಕೊಡುವುದು ಅವಳ ಕೆಲಸ. ಡಾಕ್ಟರ ಮಾತನ್ನು ಪಾಲಿಸುವ ಹೊಣೆ ಮನೆಯಲ್ಲಿ ಅವಳ ತಲೆಗೇ ಬಂತು.

"ಮಾವ, ಕಾಫಿ ಪೂರ್ತಿ ಬಿಡೋದೇನೂ ಬೇಡ. ಡಿಕಾಫ್ ಕುಡೀಬಹುದಂತೆ, ಕೆಫೀನ್ ತೆಗೆದಿರೋ ಕಾಫಿ."

"ಅದು ಕಾಫಿ ಅಲ್ಲಮ್ಮ, ಕಾಫಿ ಪಾತ್ರೆ ತೊಳೆದ ನೀರು. ಅದನ್ನ ಕುಡಿಯೋದಕ್ಕಿಂತ ನಲ್ಲಿಗೆ ಬಾಯಿ ಇಡೋದು ವಾಸಿ."

ಶನಿವಾರ ಅವಳು ಕ್ಯಾಪ್ಸೂಲ್ ಕೊಳ್ಳಲು ಹೋದಳು. ಅಂಗಡಿಯ ಒಂದು ಗೋಡೆಯಿಡೀ ಕ್ಯಾಪ್ಸೂಲುಗಳೇ. ಕೆಲವು ಅವರ ಯಂತ್ರಕ್ಕೆ ಕೂರುವುದೇ ಇಲ್ಲ, ಕೂರುವವುಗಳಲ್ಲಿ ಒಂದರಿಂದ ಹದಿಮೂರರವರೆಗೆ ಕಡುಪಿನ ಅಂಕಿ. ಅವಳು ಅಂಕಿ ನೋಡಲಿಲ್ಲ, ಬಣ್ಣ ನೋಡಿದಳು. ಮನೆಯಲ್ಲಿದ್ದ ಕಡು ಕಾಫಿಯ ಕ್ಯಾಪ್ಸೂಲು ಕಪ್ಪಗಿತ್ತು. ಡಿಕಾಫ್‌ಗಳಲ್ಲಿ ಹೆಚ್ಚಿನವು ಕೆಂಪು. ಹುಡುಕಿ ಹುಡುಕಿ, ಅಂಚಿನಲ್ಲಿ ತೆಳು ಹಸಿರು ಗೆರೆ ಬಿಟ್ಟರೆ ಉಳಿದಂತೆ ಕಪ್ಪಗೇ ಇದ್ದ ಡಿಕಾಫ್ ಒಂದನ್ನು ಆರಿಸಿದಳು. ಮನೆಯ ಮೆಟ್ಟಿಲ ಮೇಲೆ ನಿಂತೇ ಅವನ್ನೆಲ್ಲ ಜೊತೆಗೆ ಒಯ್ದಿದ್ದ ಹಳೆಯ ಕಡು ಕಾಫಿಯ ಡಬ್ಬಿಗೆ ತುಂಬಿ, ತಂದ ಡಬ್ಬಿಯನ್ನು ಮಡಿಸಿ ಚೀಲದ ತಳಕ್ಕೆ ತುರುಕಿದಳು. ಮಾವನಿಗೆ, "ಬೆಳಿಗ್ಗೆ ಒಂದೇ ಲೋಟ, ಅಷ್ಟಕ್ಕೆ ಡಾಕ್ಟರು ಒಪ್ಪಿದಾರೆ" ಎಂದಳು.

ಮೊದಲ ಗುಟುಕಿಗೇ ಸಿಕ್ಕಿಬೀಳುತ್ತೇನೆಂದು ಅವಳಿಗೆ ಖಾತ್ರಿಯಿತ್ತು. ಭಾನುವಾರ ಬೆಳಿಗ್ಗೆ ಲೋಟ ಕೊಟ್ಟು, ಉಸಿರು ಬಿಗಿಹಿಡಿದು ಮುಖವನ್ನೇ ನೋಡುತ್ತಾ ನಿಂತಳು. ಮಾವ ಮೂಗನ್ನು ಲೋಟದ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದರು. ಅವಳನ್ನೊಮ್ಮೆ ನೋಡಿದರು. ಸುರ್ರೆಂದು ಹೀರಿ ಕಣ್ಣು ಮುಚ್ಚಿದರು.

"ಇದು ಕಾಫಿ! ಹುರಿದವನು ಯಾರೋ ಏನೋ, ಕೈ ಪಳಗಿದೆ ನೋಡು. ಗಂಟಲು ಇಳಿದ ಮೇಲೂ ಘಮ ಅಲ್ಲೇ ನಿಂತಿರುತ್ತೆ."

ಸೊಸೆ ಅಡುಗೆಮನೆಗೆ ಓಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಂಡನಿಗೆ ಹೇಳಿದಾಗ ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ಚಿಕ್ಕಂದಿನಿಂದ ನಕಲು ಮಾಡುವ ಕಲೆ ಒಲಿದಿತ್ತು. ಮಾವ ಮೂಗು ಆಡಿಸುವುದು, ಕಣ್ಣು ಮುಚ್ಚುವುದು, 'ಇದು ಕಾಫಿ' ಎನ್ನುವಾಗ ಎಳೆಯುವ ರಾಗ, ಎಲ್ಲ ಅವಳಿಗೆ ಕರಗತವಾಯಿತು. ಮೊದಲು ಗಂಡನ ಮುಂದೆ ಮಾಡಿದಳು, ಆಮೇಲೆ ಅಂಗಡಿಯಲ್ಲಿ ಜೊತೆ ಕೆಲಸದವರ ಮುಂದೆ. ಅಲ್ಲಿ ದಿನಾ ಮಧ್ಯಾಹ್ನ ಯಾರಾದರೊಬ್ಬರು, "ಇವತ್ತೇನಂದ್ರು ಮಾವ?" ಎಂದು ಕೇಳುವುದು ರೂಢಿಯಾಯಿತು. ಕೇಳಿದ್ದೇ ತಡ, ಇವಳು ಖಾಲಿ ಲೋಟ ಎತ್ತಿಕೊಳ್ಳುತ್ತಿದ್ದಳು. ಹೀಗೇ ನಾಲ್ಕು ತಿಂಗಳು ಕಳೆಯಿತು.

ಒಂದು ಭಾನುವಾರ ಮಧ್ಯಾಹ್ನ ಮಾಲೀಕರು ಪೊಟ್ಟಣಗಳನ್ನು ತಾವೇ ತೆಗೆದುಕೊಂಡು ಬಂದರು. ಜೊತೆಗೆ ಹುರಿಯುವವರಿಬ್ಬರು: ಮಾವನ ಕೈಕೆಳಗೇ ಕೆಲಸ ಕಲಿತ, ಈಗ ನಡುವಯಸ್ಸಿನವನಾದ ಒಬ್ಬ, ಹೊಸದಾಗಿ ಸೇರಿದ ಒಬ್ಬ ಹೆಂಗಸು. "ಹೇಗೆ ನೋಡ್ತಾರೆ ಅಂತ ಇವರೂ ಕಣ್ಣಾರೆ ನೋಡಲಿ ಅಂತ ಕರ್ಕೊಂಡು ಬಂದೆ" ಎಂದರು ಮಾಲೀಕರು. ಮಾವ ಒಗೆದ ಅಂಗಿ ಹಾಕಿಕೊಂಡು ಬಂದು ಕೂತರು. ಪೊಟ್ಟಣ ಬಿಚ್ಚುವ ಮೊದಲು ಎಲ್ಲರಿಗೂ ಕಾಫಿ ಆಗಲಿ ಎಂದರು. ಆವತ್ತು ಬೆಳಗಿನದನ್ನು ಅದಕ್ಕೆಂದೇ ಉಳಿಸಿಕೊಂಡಿದ್ದರಂತೆ.

ಸೊಸೆ ನಾಲ್ಕು ಲೋಟ ನಿಜವಾದ ಕಾಫಿ, ಒಂದು ಲೋಟ ಮಾವನದು, ಒಂದೊಂದಾಗಿ ಇಳಿಸಿ ತಂದಳು. ಮಾವ ತಮ್ಮ ಲೋಟದ ಮೇಲೆ ಮೂಗು ಆಡಿಸಿ, ಗುಟುಕರಿಸಿ, ಹೊಸ ಹೆಂಗಸಿನ ಕಡೆ ತಿರುಗಿ ಪಾಠ ಶುರುಮಾಡಿದರು. "ಯಂತ್ರದ ಕಾಫಿ ಅಂತ ನಾನೂ ಆಡಿಕೊಳ್ತಿದ್ದೆ ಕಣಮ್ಮ. ಆದರೆ ಇದರ ಹದ ನೋಡು. ಈ ಕಡುಪು, ಈ ಘಮ... ಮಾಲೀಕರೆ, ನೀವೇ ಒಂದು ಗುಟುಕು ನೋಡಿ."

ಮಾಲೀಕರು ಆ ಲೋಟ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಅವರ ಹುಬ್ಬು ಒಂದಿಷ್ಟು ಗಂಟಾಯಿತು. ಲೋಟವನ್ನು ಹಾಗೇ ಕೆಳಗಿಟ್ಟರು. ಬಾಗಿಲ ಬಳಿ ನಿಂತಿದ್ದ ಗಂಡನಿಗೆ ನಗು ತಡೆಯಲಾಗಲಿಲ್ಲ.

"ಯಾಕೋ?" ಎಂದರು ಮಾವ.

"ಏನಿಲ್ಲಪ್ಪ. ಅವಳನ್ನೇ ಕೇಳಿ."

ಎಲ್ಲರ ಕಣ್ಣು ಸೊಸೆಯ ಮೇಲೆ ಬಿತ್ತು. ಅಂಗಡಿಯಲ್ಲಿ ಮಧ್ಯಾಹ್ನ ಬೀಳುವ ಹಾಗೆಯೇ. "ಮಾವ, ಅದು ಡಿಕಾಫ್! ನಾಲ್ಕು ತಿಂಗಳಿಂದ ನೀವು ಕುಡೀತಿರೋದೂ ಅದನ್ನೇ!" ಎಂದುಬಿಟ್ಟಳು.

ನಡುವಯಸ್ಸಿನವನು ಗೊಳ್ಳೆಂದು ನಕ್ಕ. ಹೆಂಗಸೂ ನಕ್ಕಳು. ಮಾವನೂ ನಕ್ಕರು. "ನೋಡಿದ್ರಾ, ನನ್ನ ಸೊಸೆ ಹೇಗೆ ಟೋಪಿ ಹಾಕಿದಾಳೆ!" ಎಂದರು. ಮಾವ ನಕ್ಕದ್ದೇ ಅವಳಿಗೆ ಅಪ್ಪಣೆ ಸಿಕ್ಕಂತಾಯಿತು. "ಅದನ್ನ ಮಾಡಿ ತೋರ್ಸೇ" ಎಂದು ಗಂಡ ಹೇಳಿದ್ದೇ, ಆ ಲೋಟವನ್ನೇ ಎತ್ತಿಕೊಂಡು ಮೂಗು ಎಡಕ್ಕೆ, ಮೂಗು ಬಲಕ್ಕೆ, ಕಣ್ಣು ಮುಚ್ಚಿ, "ಇದು... ಕಾಫಿ!" ಎಂದು ರಾಗ ಎಳೆದಳು. ಹೆಂಗಸು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮಾಲೀಕರು ಮಾತ್ರ ನಗಲಿಲ್ಲ. ಸೊಸೆ ಕಣ್ಣು ಬಿಟ್ಟಾಗ ಅವರು ತಲೆ ತಗ್ಗಿಸಿ ಪೊಟ್ಟಣಗಳ ದಾರವನ್ನು ಸರಿಮಾಡುತ್ತಿದ್ದರು. "ಇವತ್ತು ಹೊತ್ತಾಯ್ತು, ಇದನ್ನ ಇನ್ನೊಂದಿನ ನೋಡೋಣ" ಎಂದು ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

ಹದಿನೈದು ದಿನ ಕಳೆದರೂ ಪೊಟ್ಟಣ ಬರಲಿಲ್ಲ. ಮಾವ ಕಿಟಕಿಯ ಪಕ್ಕ ಬಿಳಿ ತಟ್ಟೆ ಇಟ್ಟುಕೊಂಡು ಕೂತರು, ಮಧ್ಯಾಹ್ನ ಅದನ್ನು ಒರೆಸಿ ಒಳಗಿಟ್ಟರು. ಮತ್ತೆ ಹದಿನೈದು ದಿನ ಕಳೆದವು. ಆಗಲೂ ಬರಲಿಲ್ಲ. ಬೆಳಗಿನ ಕಾಫಿಯನ್ನು ಅವರೇ ಬಿಟ್ಟರು. "ಬಿಸಿನೀರು ಸಾಕಮ್ಮ" ಎಂದರು. ಆ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಮರುವಾರ ಮಾಲೀಕರು ಓದುವ ಕನ್ನಡಕ ಬದಲಿಸಲು ಅವಳ ಅಂಗಡಿಗೇ ಬಂದರು. ಪರೀಕ್ಷೆಯ ಕತ್ತಲೆ ಕೋಣೆಯಲ್ಲಿ ಅವರನ್ನು ಕೂರಿಸಿ, ಗಾಜು ಬದಲಿಸುತ್ತಾ, ಅವಳು ಮೆಲ್ಲಗೆ ಕೇಳಿದಳು.

"ಮಾವನಿಗೆ ಪೊಟ್ಟಣ ಕಳಿಸೋದು ನಿಲ್ಲಿಸಿಬಿಟ್ರಾ?"

ಮಾಲೀಕರು ಗಾಜಿನ ಹಿಂದಿನಿಂದಲೇ ಮಾತಾಡಿದರು. "ನಿಮ್ಮ ಮಾವನಿಗೆ ವಾಸನೆ ಬರಲ್ಲ ಅನ್ನೋದು ನನಗೆ ಒಂದು ವರ್ಷದಿಂದ ಗೊತ್ತಿತ್ತಮ್ಮ."

ಅವಳ ಕೈ ನಿಂತಿತು.

"ಒಂದು ಸಲ ಒಂದು ಮೂಟೆಗೆ ಡೀಸೆಲ್ ವಾಸನೆ ಹತ್ತಿತ್ತು. ಗೊತ್ತಿಲ್ಲದೆ ಅದರ ಪೊಟ್ಟಣವೂ ನಿಮ್ಮನೆಗೆ ಬಂದಿತ್ತು. ಇವರು 'ಹದ ಸರಿ' ಅಂತ ಬರೆದು ಕಳಿಸಿದ್ರು. ಹದವೇನೋ ಸರಿಯಾಗೇ ಇತ್ತು. ಬಣ್ಣ ನೋಡಿ, ಕಡಿದಾಗ ಬರೋ ಸದ್ದು ಕೇಳಿ ಹೇಳಿಬಿಡ್ತಾರೆ. ನನಗೆ ಅಷ್ಟು ಸಾಕಿತ್ತು. ವಾಸನೆ ನಾನೇ ನೋಡಿಕೊಳ್ತಿದ್ದೆ. ಅವರಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ."

"ಮತ್ತೆ ಈಗ..."

"ಆವತ್ತು ದಾರೀಲಿ ಆ ಹೊಸ ಹೆಂಗಸು ಕೇಳಿದಳು, 'ಇವರ ಮಾತು ಕೇಳಿ ನಾವು ಹುರೀಬೇಕಾ?' ಅಂತ. ಏನು ಹೇಳಲಿ?"

ಸೊಸೆ ಮುಂದಿನ ಗಾಜು ಹಾಕಿದಳು, ಯಾವುದು ಹಾಕಿದಳೋ ಅವಳಿಗೇ ತಿಳಿಯಲಿಲ್ಲ. ಈ ಕೋಣೆಯಲ್ಲಿ ಅವಳು ಹನ್ನೊಂದು ವರ್ಷದಿಂದ ನಿಂತಿದ್ದಳು. ಕಾಣದ ಅಕ್ಷರವನ್ನು ಕಾಣುತ್ತದೆಂದು ಹೇಳುವವರು ದಿನಕ್ಕೆ ಇಬ್ಬರಾದರೂ ಬರುತ್ತಿದ್ದರು. ಪಕ್ಕದವರು ಓದಿದ್ದನ್ನು ಬಾಯಿಪಾಠ ಮಾಡಿಕೊಂಡು ಬರುವವರು, ಇವಳ ಮುಖ ನೋಡಿ ಊಹಿಸುವವರು. ಅವರನ್ನು ದನಿಯಲ್ಲೇ ಹಿಡಿಯುತ್ತಿದ್ದಳು, ಹಿಡಿದರೂ ನಗುತ್ತಿರಲಿಲ್ಲ. ಒಂದೇ ಸೂರಿನಡಿ ಇದ್ದ ಮಾವನಲ್ಲಿ ಅದು ಅವಳಿಗೆ ಕಾಣಲಿಲ್ಲ. ಹೊರಗಿನವರೊಬ್ಬರು ಒಂದು ವರ್ಷ ಮುಚ್ಚಿಟ್ಟಿದ್ದನ್ನು ಅವಳು ಒಂದು ಲೋಟ ಹಿಡಿದು ಬಯಲಿಗೆಳೆದಿದ್ದಳು. ಕತ್ತಲೆ ಇದ್ದದ್ದು ಪುಣ್ಯ. ಅವಳ ಕಿವಿ, ಕತ್ತು ಎಲ್ಲ ಕಾದ ಹಂಚಿನಂತಾಗಿದ್ದವು.

ಸಂಜೆ ಮನೆಗೆ ಬಂದಾಗ ಮಾವ ಊಟದ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದರು. ಚೀಲ ಕೂಡ ಇಳಿಸದೆ ಎದುರಿಗೆ ಕೂತಳು.

"ಮಾವ, ತಪ್ಪಾಯ್ತು."

"ಯಾವುದು?"

ಮಾವ ಇನ್ನೆರಡು ಕಾಯಿ ಸುಲಿದರು. "ಡಿಕಾಫ್ ಕುಡಿಸಿದ್ದಾ? ಅದು ನನ್ನ ಎದೆಗೆ ಒಳ್ಳೇದು ಅಂತ ಮಾಡಿದೆ, ಬಿಡು."

"ಅದಲ್ಲ. ಅವರ ಮುಂದೆ ನಕಲು ಮಾಡಿದ್ದು."

"ಚೆನ್ನಾಗೇ ಮಾಡಿದೆ. ನಾನು ಹಾಗೇ ಮೂಗು ಆಡಿಸ್ತೀನಿ."

"ಅಂಗಡೀಲೂ ಮಾಡ್ತಿದ್ದೆ ಮಾವ. ದಿನಾ." ಇದನ್ನು ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಹೇಳಿದ ಮೇಲೆ ಮೇಜಿನ ಮರದ ಗೀರನ್ನೇ ನೋಡುತ್ತಾ ಕೂತಳು.

ಮಾವ ಸಿಪ್ಪೆಯನ್ನೆಲ್ಲ ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು. ಎರಡು ವರ್ಷದ ಕೆಳಗೆ ಒಂದು ವಾರ ಜ್ವರ ಬಂದಿತ್ತಲ್ಲ, ಅದು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಒಲೆಯ ಪಕ್ಕವೇ ಪೇಪರು ಓದುತ್ತಾ ನಿಂತಿದ್ದರಂತೆ. ಪಾತ್ರೆ ಕಪ್ಪಾಗಿ ಹೊಗೆ ಕಣ್ಣಿಗೆ ಬಂದಾಗಲೇ ಹಾಲು ಸೀದದ್ದು ತಿಳಿದದ್ದು. ಇವತ್ತು ಬಂದೀತು ನಾಳೆ ಬಂದೀತು ಎಂದು ಕಾದರು. ವಾಸನೆ ಬರಲಿಲ್ಲ.

"ಮೂಗಣ್ಣ ಅಂತ ಕರೆಸಿಕೊಂಡೋನು ಮೂಗು ಹೋಯ್ತು ಅಂತ ಹೇಗೆ ಹೇಳಲಿ? ಆಮೇಲಾಮೇಲೆ ಬೇರೆಯವರ ಮುಖ ನೋಡೋದು ಕಲಿತೆ. ನೀವು ಮೂಗು ಮುಚ್ಚಿದ್ರೆ ನಾನೂ ಮುಚ್ಚಿದೆ. ಆವತ್ತು ನೀನು ಕಾಫಿ ಕೊಟ್ಟು ಕಣ್ಣು ಮಿಟುಕಿಸದೆ ನನ್ನನ್ನೇ ನೋಡ್ತಾ ನಿಂತಿದ್ದೆ. ಹುಡುಕಿ ಒಳ್ಳೇ ಕಾಫಿ ತಂದಿದಾಳೆ, ನಾನು ಏನನ್ನುತ್ತೀನೋ ಅಂತ ಕಾಯ್ತಿದಾಳೆ ಅಂದ್ಕೊಂಡೆ. ಅದಕ್ಕೇ ಹೊಗಳಿದೆ."

ಅದನ್ನು ಕೇಳಿ ಅವಳಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

"ನೀನೊಬ್ಬಳೇ ತಪ್ಪು ಮಾಡಿದ್ದಲ್ಲ" ಎಂದರು ಮಾವ. "ನಾನೂ ಎರಡು ವರ್ಷ ಆ ಮನುಷ್ಯನಿಗೆ ಸುಳ್ಳು ಹೇಳಿದೀನಿ. ನಾಳೆ ಹೋಗಿ ಹೇಳ್ಬೇಕು. ನೀನೂ ಬಾ."

ಮರುದಿನ ಕಾಫಿಪುಡಿ ಅಂಗಡಿಯ ಹಿಂಭಾಗದಲ್ಲಿ ಹುರಿಯುವ ಡ್ರಮ್ಮು ತಿರುಗುತ್ತಿತ್ತು. ಅದೇ ಮೂವರು ಇದ್ದರು. ಮಾವ ಚಪ್ಪಲಿ ಕಳಚಿ ಒಳಗೆ ಹೋಗಿ, ಸುತ್ತಿ ಬಳಸದೆ, "ನನಗೆ ಎರಡು ವರ್ಷದಿಂದ ವಾಸನೆ ಬರಲ್ಲ. ನಿಮಗೆ ಹೇಳದೆ ಮುಚ್ಚಿಟ್ಟೆ" ಎಂದರು. ಮಾಲೀಕರು ಅವರ ಭುಜದ ಮೇಲೆ ಕೈಯಿಟ್ಟರು, ತಮಗೆ ಗೊತ್ತಿತ್ತೆಂದು ಆಗಲೂ ಹೇಳಲಿಲ್ಲ. ಸೊಸೆ ಹುರಿಯುವವರಿಬ್ಬರ ಕಡೆ ತಿರುಗಿ, "ಆವತ್ತು ನಾನು ಮಾಡಿದ್ದು ತಪ್ಪು. ಗೊತ್ತಿಲ್ಲದೆ ಮಾಡಿದೆ ಅಂದ್ರೂ ತಪ್ಪೇ" ಎಂದಳು. ದನಿ ಎಷ್ಟು ಸಣ್ಣಗಾಗಿತ್ತೆಂದರೆ ಡ್ರಮ್ಮಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು. ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ಹೊಸ ಹೆಂಗಸು ಮಾವನನ್ನು ನೇರವಾಗಿ ಕೇಳಿದಳು. "ಹಾಗಾದ್ರೆ ಇಷ್ಟು ದಿನ ಹದ ಹೇಗೆ ಹೇಳ್ತಿದ್ರಿ?"

ಮಾವ ಡ್ರಮ್ಮಿಗೆ ಬೆನ್ನು ಹಾಕಿ ನಿಂತರು. ಒಳಗೆ ಬೀಜ ಚಟಪಟ ಸಿಡಿಯತೊಡಗಿತು, ಜೋರಾಯಿತು, ವಿರಳವಾಯಿತು. ಮಾವ ಬೆರಳೆತ್ತಿದರು. "ಈಗ ಇಳಿಸು." ಅವಳು ಇಳಿಸಿದಳು. ಎಲ್ಲರೂ ಬಗ್ಗಿ ನೋಡಿದರು. "ಸರಿಯಾಗೇ ಇದೆ" ಎಂದಳು ಅವಳು. "ಅರ್ಧ ನಿಮಿಷ ಹೆಚ್ಚಾಯ್ತೇನೋ" ಎಂದು ನಡುವಯಸ್ಸಿನವನು ಗೊಣಗಿದ. ಮಾವ ಅದಕ್ಕೂ ತಲೆಯಾಡಿಸಿದರು.

ಮುಂದಿನ ವಾರದಿಂದ ಪೊಟ್ಟಣಗಳು ಮತ್ತೆ ಬರತೊಡಗಿದವು. ಈಗ ಪ್ರತಿಯೊಂದರ ಮೇಲೂ ಹೆಂಗಸಿನ ಅಕ್ಷರದಲ್ಲಿ 'ವಾಸನೆ ನೋಡಿದೆ' ಎಂದಿರುತ್ತದೆ. ಉಳಿದದ್ದನ್ನು ಮಾವ ಬರೆಯುತ್ತಾರೆ. ಆದರೆ ಬೀದಿಯಲ್ಲಿ ಸುದ್ದಿ ಹರಡಿದೆ. ಮೂಗಣ್ಣ ಎಂದು ಕರೆಯುವಾಗ ಕೆಲವರು ಈಗ ಒಂದು ಕ್ಷಣ ತಡವರಿಸುತ್ತಾರೆ. ಸೊಸೆ ಜೊತೆಗಿದ್ದರೆ ಅವಳ ಹೆಜ್ಜೆಯೂ ತಡವರಿಸುತ್ತದೆ.

ಕ್ಯಾಪ್ಸೂಲು ತರಲು ಈಗ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಡಿಕಾಫನ್ನೇ ತರುತ್ತಾರೆ, ಯಾವುದೆಂದು ಆರಿಸುವವರು ಮಾವ. ಬೆಳಿಗ್ಗೆ ಯಂತ್ರ ಗುರುಗುಟ್ಟಿ ನಿಂತ ಮೇಲೆ ಅವರು ಲೋಟವನ್ನು ಮೊದಲು ಅವಳ ಮೂಗಿನ ಕೆಳಗೆ ಹಿಡಿಯುತ್ತಾರೆ.

"ಇವತ್ತು ಹೇಗಿದೆ?"

"ಒಂಥರಾ... ಒದ್ದೆ ರಟ್ಟಿನ ಹಾಗೆ."

"ರಟ್ಟು ಗಿಟ್ಟು ಬೇಡ. ಸರಿಯಾಗಿ ಮೂಸಿ ಹೇಳು."

ಅವಳು ಮತ್ತೆ ಮೂಸಿ, ತೋಚಿದ್ದನ್ನು ಹೇಳುತ್ತಾಳೆ. ಮಾವ ಒಂದೊಂದು ಮಾತನ್ನೂ ಕೇಳಿಕೊಂಡು, ನಿಧಾನವಾಗಿ ಹೀರುತ್ತಾರೆ. ಅವರು ಹೀರುವಾಗ ಅವಳು ಸಿಂಕಿನ ಕಡೆ ತಿರುಗಿ, ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುತ್ತಾಳೆ. ಆ ಹೊತ್ತಿನಲ್ಲಿ ಅವರ ಮುಖ ನೋಡಲು ಅವಳಿಗೆ ಇನ್ನೂ ಆಗುವುದಿಲ್ಲ.