ಯಾರ ಕಡೆಯ ಸಾಕ್ಷಿ

ನಾನೊಂದು ಕಾಫಿ ಫ್ಲಾಸ್ಕು. ಹೊರಗೆ ಹಸಿರು ಬಣ್ಣದ ತಗಡು, ಒಳಗೆ ಕನ್ನಡಿಯಂಥ ಗಾಜು, ತಲೆಯ ಮೇಲೆ ಲೋಟವೂ ಆಗುವ ಮುಚ್ಚಳ. ಗಾಜನ್ನು ಬೆಂಕಿಯಲ್ಲಿ ಊದಿದವರು ಒಬ್ಬರು, ತಗಡು ಬಗ್ಗಿಸಿದವರು ಇನ್ನೊಬ್ಬರು. ಕೊನೆಗೆ ನನ್ನನ್ನು ಜೋಡಿಸಿದ ಹೆಂಗಸು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಸದ್ದಿಲ್ಲವೆಂದು ತಿಳಿದ ಮೇಲೆ ರಟ್ಟಿನ ಪೆಟ್ಟಿಗೆಗೆ ಇಳಿಸಿದಳು. ಇಳಿಸುವಾಗ ನನ್ನ ಕೆಳಗೆ ಅಂಗೈ ಕೊಟ್ಟಿದ್ದಳು. ಹಾಗೆ ಕೊಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ತುಮಕೂರಿನ ಪಾತ್ರೆ ಅಂಗಡಿಯೊಂದರಲ್ಲಿ ಧೂಳು ಹಿಡಿದು ಕೂತಿದ್ದ ನನ್ನನ್ನು ಅಮೋಸ್ ಉಪದೇಶಿಗಳು ಕೊಂಡರು. ಉಪದೇಶಿ ಎಂದರೆ ಚರ್ಚಿನ ಪರವಾಗಿ ಓಡಾಡಿ ಯೇಸುಸ್ವಾಮಿಯ ವಿಷಯ ಹೇಳುವವರು. ಬಸ್ ನಿಲ್ದಾಣ, ಸಂತೆ, ಹಿಟ್ಟಿನ ಗಿರಣಿ, ಎಲ್ಲಿ ಜನ ಕಾಯುತ್ತ ಕೂತಿರುತ್ತಾರೋ ಅಲ್ಲಿ ಅವರೂ ಹೋಗಿ ಕೂರುತ್ತಿದ್ದರು. “ಯಾವೂರಾಯ್ತು?” ಎಂದು ಶುರುವಾದ ಮಾತು ಕಾಫಿ ಆರುವಷ್ಟರಲ್ಲಿ ಸ್ವರ್ಗ ಮುಟ್ಟಿರುತ್ತಿತ್ತು. ಅವರ ಹೆಂಡತಿ ದೊರ್ಕಮ್ಮ ನನ್ನನ್ನು ಹಿಡಿದುಕೊಂಡು ಹಿಂದೆ ಬರುತ್ತಿದ್ದರು. ಮಾತು ಗಂಡನದು, ಕಾಫಿ ಬಗ್ಗಿಸಿ ಕೊಡುವುದು ಹೆಂಡತಿಯದು. ಮಕ್ಕಳಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಮೋಸರು ಮಲಗಿದವರು ಏಳಲಿಲ್ಲ. ದೊರ್ಕಮ್ಮ ಅತ್ತದ್ದನ್ನು ನಾನು ನೋಡಲಿಲ್ಲ. ಮಣ್ಣಿಗೆ ಬಂದವರಿಗೆಲ್ಲ ಕಾಫಿ ಬಗ್ಗಿಸಿ ಕೊಟ್ಟರು. ಬಂದವರು ಹೋದ ಮೇಲೆ ನನ್ನನ್ನು ತೊಳೆದು ಬೋರಲು ಹಾಕಿದರು. ಮುಂದಿನ ಗುರುವಾರ ನನ್ನನ್ನು ತುಂಬಿಕೊಂಡು, ಗಂಡ ಮಾಡುತ್ತಿದ್ದ ಕೆಲಸಕ್ಕೆ ತಾವೇ ಹೊರಟರು.

ದೂರ ನಡೆಯಲಾರರು. ಮನೆ ಕೋರ್ಟಿನ ಹಿಂದೆಯೇ ಇತ್ತು. ಹಾಗಾಗಿ ಕೋರ್ಟಿನ ಜಗಲಿಗೆ ಹೋಗಿ ಕೂತರು. ಅಲ್ಲಿ ಕಾಯುವ ಹೆಂಗಸರಿಗೆ ಬರವಿರಲಿಲ್ಲ. ಕಾಫಿ ಕೊಟ್ಟು ಅಮೋಸರ ಮಾತನ್ನೇ ಹೇಳುತ್ತಿದ್ದರು. ಅವರು ನಿಲ್ಲಿಸುತ್ತಿದ್ದ ಕಡೆ ನಿಲ್ಲಿಸಿ, ಅವರು ನಗುತ್ತಿದ್ದ ಕಡೆ ನಕ್ಕು. ದನಿ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಕೇಳಿದವರು ಕೇಳಿದರು, ಎದ್ದುಹೋದವರು ಹೋದರು. ದೊರ್ಕಮ್ಮನವರಿಗೆ ಎರಡೂ ಒಂದೇ ಆಗಿತ್ತು.

ಜಗಲಿಯ ಮೂಲೆಯಲ್ಲಿ ಅರ್ಜಿ ಟೈಪು ಮಾಡುವ ರಂಗಧಾಮಯ್ಯ ಕೂರುತ್ತಿದ್ದ. “ಎಲ್ಲಿ ದೊರಕಿದರಪ್ಪಾ ಈ ದೊರ್ಕಮ್ಮ! ಕೇಸಿಲ್ಲ, ವಕೀಲರಿಲ್ಲ, ತಾರೀಖು ಮಾತ್ರ ತಪ್ಪಿಸೋದಿಲ್ಲ” ಎಂದು ಗೇಲಿ ಮಾಡುತ್ತಿದ್ದ. ಹಾಗೆನ್ನುತ್ತಲೇ ತನ್ನ ಸ್ಟೂಲನ್ನು ಅವರತ್ತ ತಳ್ಳಿ, ತಾನು ಹಳೇ ಪೇಪರು ಹಾಸಿಕೊಂಡು ಕೂರುತ್ತಿದ್ದ.

ಅಲ್ಲಿಗೆ ಹೊನ್ನಮ್ಮ ಬಂದಳು. ಶಿರಾ ಕಡೆಯವಳು, ಪಕ್ಕದಲ್ಲಿ ಇಂಚರ ಎಂಬ ಪುಟ್ಟ ಮಗಳು. ಗಂಡನ ಮನೆಯವರು ಇವಳನ್ನು ಹೊರಗೆ ಹಾಕಿದ್ದರು. ಈಗ ಮಗು ನಮಗೆ ಬೇಕು, ಇವಳು ಅದನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದು ಕೇಸು ಹಾಕಿದ್ದರು.

ದೊರ್ಕಮ್ಮ ಮುಚ್ಚಳದಲ್ಲಿ ಕಾಫಿ ಕೊಟ್ಟು, ಎಂದಿನಂತೆ, “ನಾನು ಸಾಕ್ಷಿ ಹೇಳೋಕೆ ಬಂದಿದೀನಮ್ಮ” ಎಂದರು. ಚರ್ಚಿನವರ ಮಾತಿನಲ್ಲಿ, ದೇವರು ತನಗೇನು ಮಾಡಿದ ಎಂದು ಇನ್ನೊಬ್ಬರಿಗೆ ಹೇಳುವುದೇ ಸಾಕ್ಷಿ. ಹೇಳಿ ಹೇಳಿ ಸವೆದ ಆ ಮಾತನ್ನು ಎಲ್ಲಿ ಕೂತು ಆಡುತ್ತಿದ್ದೇನೆಂದು ಅವರು ಯೋಚಿಸಿರಲಿಲ್ಲ.

ಹೊನ್ನಮ್ಮ ಕಾಫಿ ಕೆಳಗಿಟ್ಟಳು. “ಯಾರ ಕಡೆಗಮ್ಮಾ? ನನ್ನ ಕಡೆಗೋ, ಅವರ ಕಡೆಗೋ?”

“ಯೇಸುಸ್ವಾಮಿ ಕಡೆಗೆ.”

“ಅವರದೇನು ಕೇಸು?”

ರಂಗಧಾಮಯ್ಯ ಟೈಪು ನಿಲ್ಲಿಸಿದ. ದೊರ್ಕಮ್ಮ ವಿವರಿಸಿದರು. ಹೊನ್ನಮ್ಮ ಗಮನಕೊಟ್ಟು ಕೇಳಿ, “ನೀವು ಕಣ್ಣಾರೆ ನೋಡಿದ್ರಾ ಅವರನ್ನ?” ಎಂದಳು.

“ಇಲ್ಲ.”

“ಹಂಗಾದ್ರೆ ಕಷ್ಟ ಕಣಮ್ಮ. ನೋಡಿರೋರೇ ಬೇಕಂತೆ, ನಮ್ಮ ವಕೀಲರು ಹೇಳವ್ರೆ. ನಮ್ಮೂರಲ್ಲಿ ನೋಡಿರೋರು ಅವ್ರೆ, ಬಾಯಿ ಬಿಡಲ್ಲ.”

ಗೇಲಿಗೆ ಹೇಳಿದ್ದಲ್ಲ. ತನ್ನಂತೆಯೇ ಸಿಕ್ಕಿಬಿದ್ದ ಇನ್ನೊಬ್ಬ ಹೆಂಗಸಿಗೆ ತಿಳಿದಷ್ಟು ಹೇಳಿಕೊಟ್ಟಿದ್ದಳು. ದೊರ್ಕಮ್ಮ ಅವತ್ತು ಮುಂದಿನ ಮಾತು ಹೇಳಲಿಲ್ಲ. ನಾನು ಅರ್ಧ ತುಂಬಿದ್ದಂತೆಯೇ ಮನೆಗೆ ಬಂದೆ.

ಆಮೇಲೆ ಕೋರ್ಟಿನವರು ತಾರೀಖಿನ ಮೇಲೆ ತಾರೀಖು ಕೊಟ್ಟರು. ಹೊನ್ನಮ್ಮ ಬಂದಾಗಲೆಲ್ಲ ದೊರ್ಕಮ್ಮ ಅವಳ ಪಕ್ಕ ಕೂರುತ್ತಿದ್ದರು. ನನ್ನೊಳಗೆ ಕಾಫಿಯ ಬದಲು ಹಾಲು ಬರತೊಡಗಿತು. ಮಾತು ಕಮ್ಮಿ. ಹೊನ್ನಮ್ಮ ಬುತ್ತಿ ಬಿಚ್ಚಿ, ಮಗಳು ತಿಂದು ಬಿಟ್ಟದ್ದನ್ನು ತಾನು ತಿನ್ನುತ್ತಿದ್ದಳು. ಮಗುವಿಗೆ ಜ್ವರ ಬಂದ ದಿನ ತನ್ನ ಸೆರಗು ನೆನೆಸಿ ಹಣೆಗಿಟ್ಟು, ಅಲುಗಾಡದೆ ಕೂತಳು. ತೊಡೆಯ ಮೇಲೆ ಮಗು ಮಲಗಿದ್ದಾಗ ತನ್ನ ಹೆಸರು ಕೂಗಿದರೆ, ಎಬ್ಬಿಸದೆ ಹೆಗಲಿಗೆ ಹಾಕಿಕೊಂಡೇ ಒಳಗೆ ಓಡುತ್ತಿದ್ದಳು. ದೊರ್ಕಮ್ಮ ನೋಡುತ್ತ ಕೂತಿರುತ್ತಿದ್ದರು.

ಗಂಡನ ಕಡೆಯವರ ಸಾಕ್ಷಿಗಳೆಲ್ಲ ಮುಗಿದವು. ಇವಳ ಕಡೆ ಯಾರೂ ಇಲ್ಲ ಎಂದು ವಕೀಲರು ಜಗಲಿಯಲ್ಲೇ ರೇಗಿದರು. ಹೊನ್ನಮ್ಮ ನೆಲ ನೋಡುತ್ತ ನಿಂತಳು, ಯಾರನ್ನೂ ಏನೂ ಕೇಳಲಿಲ್ಲ.

“ನಾನು ನೋಡಿದೀನಿ” ಎಂದರು ದೊರ್ಕಮ್ಮ.

ಸುದ್ದಿ ಚರ್ಚಿಗೆ ಮುಟ್ಟಿತು. ಸಭೆಯ ಹಿರಿಯರಾದ ಜ್ಞಾನಮಿತ್ರಪ್ಪ ಮನೆಗೆ ಬಂದರು. “ಜಗಲೀಲಿ ನಿಮಗೇನು ಕೆಲಸ ಅಂತ ಕೇಳ್ತಾರಮ್ಮ. ಸುಳ್ಳು ಹೇಳೋ ಹಾಗಿಲ್ಲ. ನಿಜ ಹೇಳಿದರೆ ಆ ಜಾಗ ಹೋಯ್ತು, ಆಮೇಲೆ ಒಳಗೇ ಬಿಡಲ್ಲ. ಉಪದೇಶಿಗಳು ಬಿಟ್ಟುಹೋದ ಕೆಲಸ ಅದೊಂದೇ ಅಲ್ವಾ ನಿಮಗೆ?”

“ಅದೊಂದೇ” ಎಂದರು ದೊರ್ಕಮ್ಮ. ಅವರಿಗೆ ಕಾಫಿ ಬಗ್ಗಿಸಿದರು. ಹಿರಿಯರು ಕುಡಿದು, ಹೋಗುವಾಗ ಸಡಿಲವಾಗಿದ್ದ ಬಾಗಿಲ ಚಿಲಕ ಬಿಗಿಮಾಡಿ ಹೋದರು.

ಆ ದಿನ ನಾನು ಚೀಲದೊಳಗೆ, ಕೋರ್ಟ್ ಹಾಲಿನ ಬೆಂಚಿನ ಮೇಲಿದ್ದೆ. ದೊರ್ಕಮ್ಮ ಕಟಕಟೆ ಹತ್ತಿದರು. ಬುತ್ತಿ, ಜ್ವರ, ಹೆಗಲು, ಕಂಡಷ್ಟನ್ನು ಹೇಳಿದರು. ಆ ಕಡೆಯ ವಕೀಲರು ಪಾಟೀಸವಾಲಿಗೆ ಎದ್ದರು.

“ಜಗಲೀಲಿ ನಿಮಗೇನಮ್ಮ ಕೆಲಸ?”

“ಯೇಸುಸ್ವಾಮಿ ವಿಷಯ ಹೇಳೋದು.”

“ಇವಳಿಗೂ ಹೇಳಿದ್ರಾ?”

“ಹೇಳಿದೆ.”

“ಒಪ್ಪಿಕೊಂಡಳೋ?”

“ಇಲ್ಲ. ಕಣ್ಣಾರೆ ನೋಡಿದ್ರಾ ಅಂತ ಕೇಳಿದಳು. ಇಲ್ಲ ಅಂದೆ.”

ಹಾಲಿನಲ್ಲಿ ನಗು ಎದ್ದಿತು. ವಕೀಲರೂ ನಕ್ಕರು. “ಅಂದರೆ, ನೋಡದೇ ಇರೋದನ್ನೂ ಹೇಳೋರು ನೀವು!”

“ಹೌದು ಸ್ವಾಮಿ. ಅದನ್ನ ನಂಬಿ ಹೇಳ್ತೀನಿ. ಇದನ್ನ ನೋಡಿ ಹೇಳ್ತಿದೀನಿ.”

ನ್ಯಾಯಾಧೀಶೆ ತಲೆಯೆತ್ತಿ ಅವರನ್ನು ಒಮ್ಮೆ ನೋಡಿ, ಬೆರಳಚ್ಚಿನವನಿಗೆ, “ಅದನ್ನು ಹಾಗೇ ಬರೆದುಕೊಳ್ಳಿ” ಎಂದರು.

ಮಗು ತಾಯಿಯ ಹತ್ತಿರವೇ ಇರಲಿ ಎಂದು ತೀರ್ಪಾಯಿತು. ಹೊನ್ನಮ್ಮ ಓಡಿಬಂದು ತಬ್ಬಿಕೊಂಡು ಅತ್ತಳು. ದೊರ್ಕಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು, ಅಷ್ಟೆ. ಮುಂದಿನ ಗುರುವಾರ ಗೇಟಿನಲ್ಲೇ ಪೊಲೀಸಿನವನು ತಡೆದ. ಕೇಸು ಇರುವವರಿಗೆ ಮಾತ್ರ ಪ್ರವೇಶ, ಮೇಲಿನಿಂದ ಆದೇಶ ಬಂದಿದೆ ಎಂದ. “ತಪ್ಪು ತಿಳೀಬೇಡಿ ಅಮ್ಮ” ಎಂದೂ ಸೇರಿಸಿದ. ಹೊನ್ನಮ್ಮನ ಜೀವನಾಂಶದ ಕೇಸು ಇನ್ನೂ ನಡೆಯುತ್ತಿತ್ತು. ದೊರ್ಕಮ್ಮ ಅಲ್ಲೇ ನಿಂತು ಕಾದು, ಅವಳು ಬಂದಾಗ ನನ್ನನ್ನು ಕೊಟ್ಟುಬಿಟ್ಟರು.

“ನಿಮ್ಮ ಮಾತು ನನ್ನ ಬಾಯಲ್ಲಿ ಬರಲ್ಲವಲ್ಲಮ್ಮ” ಎಂದಳು ಹೊನ್ನಮ್ಮ.

“ಬೇಡ. ಕಾಯ್ತಾ ಇರೋರಿಗೆ ಒಂದು ಲೋಟ ಕೊಡು.”

ಹಾಗೆ ನಾನು ಮತ್ತೆ ಜಗಲಿ ಸೇರಿದೆ. ಕುಡಿದವರು ಯಾಕಮ್ಮ ಕೊಡ್ತೀಯ ಎಂದು ಕೇಳಿದರೆ ಹೊನ್ನಮ್ಮ, “ನಂಗೆ ಹೇಳಕ್ಕೆ ಬರಲ್ಲ, ಹಿಂದಿನ ಬೀದಿ ನೀಲಿ ಬಾಗಿಲಲ್ಲಿ ಒಬ್ಬರು ಅವ್ರೆ, ಕೇಳಿ” ಎನ್ನುತ್ತಿದ್ದಳು. ಕೆಲವರು ಹೋಗುತ್ತಿದ್ದರು. ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯದು.

ಈಗ ನನ್ನೊಳಗಿನ ಗಾಜು ಒಡೆದಿದೆ. ಇಂಚರ ನಲ್ಲಿಯ ಹತ್ತಿರ ಬೀಳಿಸಿದಳು. ಹೊನ್ನಮ್ಮ ಚೂರುಗಳನ್ನು ಸುರಿದು, ನನ್ನನ್ನು ಎಸೆಯದೆ ಅಡುಗೆಮನೆಯ ಗೂಡಿನಲ್ಲಿಟ್ಟು ಸೌಟುಗಳನ್ನು ಹಾಕಿದ್ದಾಳೆ. ಬಿಸಿ ಕಾಯುವ ಕೆಲಸ ಮುಗಿಯಿತು. ಬೇಸರವೆಂದೂ ಹೇಳಲಾರೆ. ಗೂಡಿನಿಂದ ನಡುಮನೆ ಕಾಣುತ್ತದೆ.

ಹೋದ ತಿಂಗಳು ದೊರ್ಕಮ್ಮ ಬಸ್ಸು ಹತ್ತಿ ಇಲ್ಲಿಗೆ ಬಂದರು. ಚಾಪೆಯ ಮೇಲೆ ಕೂತು, ಅಭ್ಯಾಸದಂತೆ ಲೋಟಗಳತ್ತ ಕೈ ಚಾಚಿದರು. “ನೀವು ಕೂತ್ಕೊಳ್ಳಿ ಅಜ್ಜಿ” ಎಂದು ಇಂಚರ ತಾನೇ ಕಾಫಿ ಬಗ್ಗಿಸಿ ಎರಡೂ ಕೈಯಲ್ಲಿ ತಂದುಕೊಟ್ಟಳು. ಲೋಟ ಹಿಡಿದ ದೊರ್ಕಮ್ಮ ಚಕ್ಕನೆ ಅದನ್ನು ಇನ್ನೊಂದು ಕೈಗೆ ದಾಟಿಸಿ ಬೆರಳು ಎಳೆದುಕೊಂಡರು.

“ಸುಟ್ತಾ ಅಜ್ಜಿ?”

“ಹೂಂ ಕಣೇ, ಸುಡ್ತು” ಎಂದರು. ಬೆರಳನ್ನು ನೋಡಿಕೊಂಡರು. ಕಣ್ಣಲ್ಲಿ ನೀರಿತ್ತು, ಅಮೋಸರು ಹೋದಾಗಲೂ ನಾನು ಕಾಣದ ನೀರು. ಬಟ್ಟೆ ಸುತ್ತಿ ಕೊಡುತ್ತೇನೆಂದು ಹುಡುಗಿ ಲೋಟಕ್ಕೆ ಕೈಹಾಕಿದರೆ, ಅವರು ಕೊಡಲಿಲ್ಲ.